ಸ್ಪೇನ್‌ಗೆ ಭಾಷೆ ಕಲಿಯಲು ಹೊರಟವರಿಗೆ: ಅಡುಗೆ, ಕುಣಿತ, ಹರಟೆ, ಮ್ಯೂಸಿಯಂ – ಯಾವುದಕ್ಕೆ ದುಡ್ಡು ಹಾಕಬೇಕು?

ಪುಣೆಯಲ್ಲಿ ಸ್ಪ್ಯಾನಿಶ್‌ನ ಆರಂಭದ ಎರಡು ಹಂತ ಎ1, ಎ2 ಮುಗಿಸಿಕೊಂಡು ಎರಡು ವಾರಕ್ಕೋ ನಾಲ್ಕು ವಾರಕ್ಕೋ ಸಲಾಮಾಂಕಾ, ಗ್ರಾನಾದಾ, ಸೆವಿಯಾ, ಮಾದ್ರಿದ್ ಕಡೆ ಹೊರಡುವವರ ಕೈಗೆ ಅಲ್ಲಿನ ಭಾಷಾ ಶಾಲೆ ಮೊದಲ ದಿನವೇ ಒಂದು ಹಾಳೆ ಕೊಡುತ್ತದೆ. ಬೆಳಗ್ಗೆ ಪಾಠ, ಸಂಜೆ 'ಸಾಂಸ್ಕೃತಿಕ ಚಟುವಟಿಕೆ'. ಅಡುಗೆ ತರಗತಿ, ಸೆವಿಯಾನಾಸ್ ಕುಣಿತ, ಇಂತೆರ್ಕಾಂಬಿಯೊ ಅನ್ನುವ ಮಾತಿನ ವಿನಿಮಯ, ಮ್ಯೂಸಿಯಂ, ಸಿನಿಮಾ, ಶನಿವಾರದ ಬಸ್ ಪ್ರವಾಸ. ಒಂದೆರಡು ಶುಲ್ಕದಲ್ಲೇ ಸೇರಿರುತ್ತವೆ, ಉಳಿದವಕ್ಕೆ ಬೇರೆ ಯೂರೋ ಎಣಿಸಬೇಕು. ಎಲ್ಲಕ್ಕೂ ಹೆಸರು ಕೊಟ್ಟರೆ ಜೇಬೂ ಖಾಲಿ, ಮನೆಪಾಠಕ್ಕೆ ಸಮಯವೂ ಇಲ್ಲ.

ನಾವು ಇವನ್ನೆಲ್ಲ ಅಳೆದದ್ದು ಒಂದೇ ಕೋಲಿನಿಂದ: ಒಂದು ಗಂಟೆಯಲ್ಲಿ ಕಲಿಯುವವರ ಬಾಯಿಂದ ಎಷ್ಟು ನಿಮಿಷ ಸ್ಪ್ಯಾನಿಶ್ ಹೊರಬಂತು, ಇಂಗ್ಲಿಷಿಗೆ ಜಾರಿಕೊಳ್ಳಲು ಎಷ್ಟು ಸುಲಭವಾಗಿತ್ತು. ನೋಡಲು ಎಷ್ಟು ಚೆನ್ನಾಗಿತ್ತು ಅನ್ನುವುದು ಬೇರೆ ಲೆಕ್ಕ.

ಒಲೆಯ ಮುಂದೆ

ಎ2 ಹಂತದವರಿಗೆ ಅಡುಗೆ ತರಗತಿಗಿಂತ ಒಳ್ಳೆಯದು ಇಲ್ಲ. ಆದರೆ ಯಾವ ಅಡುಗೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಬಹುಪಾಲು ಜನ ಕೈ ಎತ್ತುವುದು ಪಾಯೆಯಾ ಎಂಬ ಅನ್ನದ ಅಡುಗೆಗೆ. ಭಾಷೆಯ ಮಟ್ಟಿಗೆ ಅದೇ ಕಳಪೆ ಆಯ್ಕೆ. ದೊಡ್ಡ ಅಗಲ ಬಾಣಲೆ ಒಂದೇ ಇರುತ್ತದೆ, ಅದರ ಮುಂದೆ ಮೇಷ್ಟ್ರು ಒಬ್ಬರೇ ನಿಲ್ಲುತ್ತಾರೆ. ಬೊಂಬಾ ಅಕ್ಕಿ ಹಾಕಿ, ಅದರ ಸುಮಾರು ಮೂರು ಪಟ್ಟು ಸಾರು ಸುರಿದ ಮೇಲೆ 18ರಿಂದ 20 ನಿಮಿಷ ಸೌಟು ಆಡಿಸುವಂತಿಲ್ಲ. ಆಡಿಸಿದರೆ ಪಿಷ್ಟ ಬಿಟ್ಟು ಅನ್ನ ಅಂಟಾಗುತ್ತದೆ, ತಳದಲ್ಲಿ ಹಿಡಿಯಬೇಕಾದ ಗರಿಗರಿ ಪದರ ಸೊಕರ್ರಾತ್ ಹಿಡಿಯುವುದಿಲ್ಲ. ಆ ಇಪ್ಪತ್ತು ನಿಮಿಷ ಹತ್ತು ಜನ ಸುಮ್ಮನೆ ನಿಂತು ಫೋನ್ ತೆಗೆಯುತ್ತಾರೆ, ಮಾತು ತಾನಾಗಿ ಇಂಗ್ಲಿಷಿಗೆ ಹೊರಳುತ್ತದೆ. ಗಾಸ್ಪಾಚೊ ಎಂಬ ತಣ್ಣನೆಯ ಸೂಪ್ ಇನ್ನೂ ಬೇಗ ಮುಗಿಯುತ್ತದೆ. ಟೊಮೆಟೊ, ಸೌತೆ, ಹಸಿರು ದೊಣ್ಣೆಮೆಣಸು, ಬೆಳ್ಳುಳ್ಳಿ, ಹಳೆಯ ಬ್ರೆಡ್ಡು, ಆಲಿವ್ ಎಣ್ಣೆ, ವಿನೆಗರ್ ಎಲ್ಲ ಮಿಕ್ಸಿಗೆ ಹಾಕಿ ಗುಂಡಿ ಒತ್ತಿದರೆ ಆಯಿತು. ಮಿಕ್ಸಿಯ ಸದ್ದಿನಲ್ಲಿ ಯಾರ ವ್ಯಾಕರಣ ಯಾರಿಗೆ ಕೇಳುತ್ತದೆ?

ಕೇಳಿ ಸೇರಬೇಕಾದದ್ದು ತೊರ್ತಿಯಾ ದೆ ಪತಾತಾಸ್ ಎಂಬ ಆಲೂಗಡ್ಡೆ ಆಮ್ಲೆಟ್ಟಿನ ತರಗತಿಗೆ. ಇದರಲ್ಲಿ ಇಬ್ಬಿಬ್ಬರಿಗೆ ಒಂದು ಬಾಣಲೆ, ಎರಡು ಕೈಗೂ ಕೆಲಸ, ಪ್ರತಿ ಹೆಜ್ಜೆಗೂ ಒಂದು ಆಜ್ಞೆ. ನಾಲ್ವರಿಗೆ ಆರು ಮೊಟ್ಟೆ, 600 ಗ್ರಾಂ ಆಲೂಗಡ್ಡೆ, ಒಂದು ಈರುಳ್ಳಿ, ಉಪ್ಪು, ಆಲೂಗಡ್ಡೆ ಮುಳುಗುವಷ್ಟು ಆಲಿವ್ ಎಣ್ಣೆ. ಈರುಳ್ಳಿ ಹಾಕಬೇಕೋ ಬೇಡವೋ ಎಂಬುದು ಸ್ಪೇನ್‌ನಲ್ಲಿ ಮುಗಿಯದ ಜಗಳ. ಆ ಜಗಳಕ್ಕೆ ಮೇಷ್ಟ್ರನ್ನು ಎಳೆದರೆ ಹತ್ತು ನಿಮಿಷದ ಮಾತು ಪುಕ್ಕಟೆ ಸಿಗುತ್ತದೆ. ಆಲೂಗಡ್ಡೆಯನ್ನು ತೆಳ್ಳಗೆ ಬಿಲ್ಲೆ ಕೊಯ್ದು ಸಣ್ಣ ಉರಿಯಲ್ಲಿ 20–25 ನಿಮಿಷ ಎಣ್ಣೆಯಲ್ಲೇ ಬೇಯಿಸಬೇಕು. ಕೆಂಪಗೆ ಕರಿದರೆ ಚಿಪ್ಸ್ ಆಗುತ್ತದೆ, ಮೊಟ್ಟೆ ಒಳಗೆ ಇಳಿಯುವುದಿಲ್ಲ. ಎಣ್ಣೆ ಪೂರ್ತಿ ಬಸಿದು, ಕಡೆದ ಮೊಟ್ಟೆಯಲ್ಲಿ ಹತ್ತು ನಿಮಿಷ ನೆನೆಸಿ, 22–24 ಸೆಂಟಿಮೀಟರ್ ಬಾಣಲೆಗೆ ಸುರಿದು, ಮೂರು ನಾಲ್ಕು ನಿಮಿಷದ ಮೇಲೆ ತಟ್ಟೆ ಮುಚ್ಚಿ ಮಗುಚುವುದು. ಕೆಡುವುದು ಮೂರು ಕಾರಣಕ್ಕೆ: ತಟ್ಟೆ ಬಾಣಲೆಗಿಂತ ಚಿಕ್ಕದು, ಎಣ್ಣೆ ಬಸಿದಿಲ್ಲ, ಮಗುಚುವ ಕೈ ಹೆದರಿ ಅರ್ಧಕ್ಕೇ ನಿಂತಿತು.

ಇದರಿಂದ ಭಾಷೆಗೇನು ಬಂತು? ವಿಧ್ಯರ್ಥ ಕ್ರಿಯಾಪದಕ್ಕೆ ಸರ್ವನಾಮದ ಬಾಲ ಅಂಟಿಸುವುದು ತರಗತಿಯ ಹಾಳೆಯ ಮೇಲೆ ಒಂದು ವಾರ ಹಿಡಿಯುವ ಪಾಠ. 'ಪೆಲಾಲಾಸ್, ಕೋರ್ತಾಲಾಸ್, ಬಾತೆಲೋಸ್, ದಾಲೆ ಲಾ ಬ್ವೆಲ್ತಾ' (ಸಿಪ್ಪೆ ತೆಗೆ, ಕೊಯ್ಯಿ, ಕಡೆ, ಮಗುಚು) ಎಂದು ಒಲೆಯ ಮುಂದೆ ಇಪ್ಪತ್ತು ಸಲ ಕೇಳಿ, ಜೊತೆಗಾರನಿಗೆ ಹತ್ತು ಸಲ ಹೇಳಿದವರಿಗೆ ಆ ಹಾಳೆ ಬೇಕಿಲ್ಲ. ಆಲೂಗಡ್ಡೆ ಸ್ತ್ರೀಲಿಂಗ, ಮೊಟ್ಟೆ ಪುಲ್ಲಿಂಗ ಎಂಬ ಗೊಂದಲವೂ ಕೈಕೆಲಸದಲ್ಲೇ ತಿಳಿಯಾಗುತ್ತದೆ. ಕನ್ನಡದಲ್ಲಿ ಸಾಮಾನಿಗೆಲ್ಲ ನಪುಂಸಕಲಿಂಗ, ತಲೆನೋವಿಲ್ಲ. ಪುಣೆಯ ಮಂಡಯಿ ಮಾರುಕಟ್ಟೆಯಲ್ಲಿ ಮರಾಠಿ ಕಲಿತವರಿಗೆ ವಸ್ತುಗಳಿಗೂ ಗಂಡು ಹೆಣ್ಣು ಉಂಟೆಂಬುದು ಹೊಸದಲ್ಲ. ಆದರೆ ಮರಾಠಿಯ 'ಬಟಾಟಾ' ಗಂಡು, ಸ್ಪ್ಯಾನಿಶ್ ಆಲೂಗಡ್ಡೆ ಹೆಣ್ಣು ಅನ್ನುವುದನ್ನು ಪುಣೆಯವರು ಮೊದಲೇ ನೆನಪಿಟ್ಟುಕೊಂಡರೆ ಒಳ್ಳೆಯದು.

ನಮ್ಮಲ್ಲಿ ಸಸ್ಯಾಹಾರಿಗಳು ಹೆಚ್ಚು, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. 'ಸಿನ್ ಕಾರ್ನೆ' (ಮಾಂಸ ಬೇಡ) ಎಂದರೆ ಸಾಲದು. ಹಾಗೆಂದ ಮೇಲೂ ತಟ್ಟೆಗೆ ಟ್ಯೂನಾ ಮೀನೋ ಹಾಮೊನ್ ಎಂಬ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದ ಚೂರೋ ಬಂದೀತು, ಏಕೆಂದರೆ ಅಲ್ಲಿನ ಅನೇಕರ ಲೆಕ್ಕದಲ್ಲಿ ಅವು 'ಮಾಂಸ'ದ ಸಾಲಿಗೆ ಸೇರುವುದಿಲ್ಲ. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೊನ್' (ಮಾಂಸ, ಮೀನು, ಹಾಮೊನ್ ಬೇಡ) ಎಂದು ಮೂರನ್ನೂ ಬೇರೆ ಬೇರೆ ಹೇಳಿ. ಸಾರಿನ ನೀರು ಯಾವುದರದ್ದೆಂದೂ ಕೇಳಿ. ಸಾಲ್ಮೊರೆಹೊ ನೋಡಲು ಗಾಸ್ಪಾಚೊ ತಮ್ಮನಂತಿದ್ದರೂ ಮೇಲೆ ಮೊಟ್ಟೆ, ಹಾಮೊನ್ ಉದುರಿಸಿರುತ್ತಾರೆ. ಪೊಲ್ವೊರೋನ್ ಬಿಸ್ಕತ್ತಿನಲ್ಲಿ ಹಂದಿ ಕೊಬ್ಬು ಇರುತ್ತದೆ. ಮೊಟ್ಟೆಯೂ ತಿನ್ನದವರು ಪಿಸ್ತೊ ಕಲಿಸುವ ತರಗತಿ ಕೇಳಲಿ. ದೊಣ್ಣೆಮೆಣಸು, ಈರುಳ್ಳಿ, ಟೊಮೆಟೊ, ಕಾಲಾಬಸೀನ್ ಎಂಬ ಎಳೆಗುಂಬಳದ ಜಾತಿಯ ಕಾಯಿ. ಕೊಚ್ಚುವ ಕೆಲಸ ಬೇಕಾದಷ್ಟು, ಮಾತೂ ಅಷ್ಟೇ.

ಎದುರುಬದುರು ಕೂತು ಮಾತು

ಇಂತೆರ್ಕಾಂಬಿಯೊ ಎಂದರೆ ಸರಳ: ನಿಮಗೆ ಸ್ಪ್ಯಾನಿಶ್ ಬೇಕು, ಎದುರಿನವರಿಗೆ ಇಂಗ್ಲಿಷ್ ಬೇಕು, ಅರ್ಧರ್ಧ ಸಮಯ. ಖರ್ಚು ಒಂದು ಕಾಫಿ. ಮಧ್ಯಮ ಹಂತ ಬಿ1 ತಲುಪಿದವರಿಗೆ ಇದರ ಮುಂದೆ ಅಡುಗೆ ತರಗತಿಯೂ ಸಪ್ಪೆ. ಎ1ನವರಿಗೆ ಮಾತ್ರ ಶುದ್ಧ ವ್ಯರ್ಥ: ಹೆಸರು, ಊರು, ಓದು ಹೇಳಿ ಐದು ನಿಮಿಷಕ್ಕೆ ಸರಕು ಮುಗಿದು, ಉಳಿದ ಐವತ್ತೈದು ನಿಮಿಷ ಅವರಿಗೆ ಪುಕ್ಕಟೆ ಇಂಗ್ಲಿಷ್ ಪಾಠ.

ಶಾಲೆಗಳು ಏರ್ಪಡಿಸುವುದು ಹೆಚ್ಚಾಗಿ ಬಾರ್‌ನಲ್ಲಿ, ಮೂವತ್ತು ನಲವತ್ತು ಜನ, ಜೋರು ಸಂಗೀತ. ಕಿವಿ ಇನ್ನೂ ಹದವಾಗದವರಿಗೆ ಆ ಗದ್ದಲದಲ್ಲಿ ವ್ಯಂಜನಗಳೇ ಕೇಳುವುದಿಲ್ಲ. ಒಂದು ಸಲ ಹೋಗಿ, ತಾಳ್ಮೆಯಿರುವ ಒಬ್ಬರನ್ನು ಹುಡುಕಿಕೊಂಡು, ಮರುದಿನದಿಂದ ಇಬ್ಬರೇ ಕೂರುವುದು ಮೇಲು. ಮೊದಲ 30 ನಿಮಿಷ ಸ್ಪ್ಯಾನಿಶ್, ನಂತರದ 30 ಇಂಗ್ಲಿಷ್, ಫೋನ್‌ನಲ್ಲಿ ಅಲಾರಂ. ಸ್ಪ್ಯಾನಿಶ್ ಮೊದಲು ಇರಲೇಬೇಕು. ಇಂಗ್ಲಿಷಿನಿಂದ ಶುರುವಾದ ಮಾತು ವಾಪಸು ಬರುವುದು ಕಡಿಮೆ. ತಪ್ಪು ಕಂಡಾಗಲೆಲ್ಲ ತಡೆಯಬಾರದು, ಮೂರೇ ತಪ್ಪು ಚೀಟಿಯಲ್ಲಿ ಬರೆದುಕೊಂಡು ಕೊನೆಗೆ ಹೇಳಬೇಕು ಎಂದು ಮೊದಲೇ ಒಪ್ಪಂದವಾಗಲಿ. ಪ್ರತಿ ವಾಕ್ಯಕ್ಕೂ ತಿದ್ದುವ ಜೊತೆಗಾರರು ಸಿಕ್ಕರೆ ಎರಡನೇ ದಿನಕ್ಕೆ ನಾಲಿಗೆ ಕಟ್ಟುತ್ತದೆ.

ಬರಿಗೈಯಲ್ಲಿ ಹೋಗಬೇಡಿ, ಎರಡು ಮೂರು ನಿಮಿಷದ ಒಂದು ವಿಷಯ ಕಟ್ಟಿಕೊಂಡು ಹೋಗಿ. ಸ್ಪ್ಯಾನಿಶ್ ಜ್ಞಾನ ಅಳೆಯುವ ಡೆಲೆ ಪರೀಕ್ಷೆಯ ಬಿ1 ಮೌಖಿಕದಲ್ಲಿ ಮೊದಲ ಕೆಲಸವೇ ಅಷ್ಟು ಹೊತ್ತಿನ ಮಂಡನೆ, ಎರಡನೆಯದು ಅದರ ಮೇಲೆ ಸಂಭಾಷಣೆ, ಮೂರನೆಯದು ಚಿತ್ರ ವರ್ಣನೆ, ನಾಲ್ಕನೆಯದು ಅದಕ್ಕೆ ಹೊಂದುವ ಪಾತ್ರದ ಮಾತು. ತಯಾರಿಗೆ ಕೊಡುವುದು 15 ನಿಮಿಷ. ಪುಣೆಯವರಿಗೆ ವಿಷಯದ ಬರ ಇಲ್ಲ. ಆಷಾಢ ಏಕಾದಶಿಗೆಂದು ಆಳಂದಿಯಿಂದ ಪಂಢರಪುರಕ್ಕೆ ನಡೆಯುವ ವಾರಿಯನ್ನು ವಿವರಿಸಿ, ಎದುರಿನವರು ತಮ್ಮ ಸಾಂತಿಯಾಗೊ ಕಾಲ್ನಡಿಗೆಯ ಯಾತ್ರೆಯನ್ನು ತೆಗೆಯದೆ ಬಿಡುವುದಿಲ್ಲ. ಭೂತಕಾಲದ ಎರಡು ರೂಪಗಳಿಗೂ ಅಲ್ಲಿ ಕೆಲಸ ಸಿಗುತ್ತದೆ. ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: 'ನೀವು ಮಾತಾಡುವುದು ಹಿಂದೂ ಭಾಷೆಯೇ?' ಅಲ್ಲಿ ಭಾರತೀಯರನ್ನೆಲ್ಲ 'ಇಂದು' (ಹಿಂದೂ) ಎನ್ನುವವರು ಬಹಳ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್, ಕನ್ನಡಕ್ಕೆ ಬೇರೆಯೇ ಲಿಪಿ – ಈ ನಾಲ್ಕು ವಾಕ್ಯ ಬಾಯಿಪಾಠವಾಗಿರಲಿ. ಕತಲಾನ್, ಬಾಸ್ಕ್, ಗಾಲಿಸಿಯನ್ ಇರುವ ದೇಶ ಅದು, ಮಾತು ಅಲ್ಲಿಂದ ಮುಂದೆ ತಾನೇ ಹರಿಯುತ್ತದೆ.

ಸಮಯದ ವಿಷಯ. ಅಲ್ಲಿ ಊಟ ಮಧ್ಯಾಹ್ನ ಎರಡರ ಮೇಲೆ, ರಾತ್ರಿಯದು ಒಂಬತ್ತರ ಮೇಲೆ, ನಡುವೆ ಅನೇಕ ಅಂಗಡಿಗಳ ಬಾಗಿಲು ಎರಡರಿಂದ ಐದರವರೆಗೆ ಮುಚ್ಚಿರುತ್ತದೆ. ಒಂದರಿಂದ ನಾಲ್ಕು ಬಾಗಿಲು ಎಳೆದುಕೊಳ್ಳುವ ಪುಣೆಯ ಪೇಠೆಗಳಲ್ಲಿ ಬೆಳೆದವರಿಗೆ ಇದು ತವರಿನ ಪದ್ಧತಿಯೇ. ಹೊರಡುವ ಮುಂಚೆ ಪುಣೆಯಿಂದಲೇ ವಿಡಿಯೊ ಕರೆಯಲ್ಲಿ ವಿನಿಮಯ ಮಾಡುವವರು ಗಡಿಯಾರ ನೋಡಿಕೊಳ್ಳಿ: ಬೇಸಿಗೆಯಲ್ಲಿ ಸ್ಪೇನ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅವರ ಸಂಜೆ ಐದು ನಮಗೆ ಬೇಸಿಗೆಯಲ್ಲಿ ರಾತ್ರಿ ಎಂಟೂವರೆ, ಅದೇ ಸರಿಯಾದ ಹೊತ್ತು. ಅವರು ಬಿಡುವಾಗುವ ರಾತ್ರಿ ಒಂಬತ್ತಕ್ಕೆ ಒಪ್ಪಿದರೆ ನಿಮಗೆ ಹನ್ನೆರಡೂವರೆ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಾದಾಗ ಒಬ್ಬರಿಗೊಬ್ಬರು ಕಾದು ಮುನಿಸಿಕೊಳ್ಳುವುದು ಸಾಮಾನ್ಯ.

ಮದ್ಯ ಮುಟ್ಟದವರು ಬಾರ್ ಎಂದು ಹಿಂಜರಿಯಬೇಕಿಲ್ಲ. ಮೊಸ್ತೊ ಎಂಬ ದ್ರಾಕ್ಷಿರಸ, ಕಾಫಿ, ಸೋಡಾ ನೀರು ಎಲ್ಲೆಡೆ ಸಿಗುತ್ತದೆ. ಗ್ರಾನಾದಾದಲ್ಲಿ ಪಾನೀಯದ ಜೊತೆ ತಾಪಾ ತಿಂಡಿ ಪುಕ್ಕಟೆ ಬರುವ ವಾಡಿಕೆ, ಬರುವ ಮುಂಚೆಯೇ ಸಸ್ಯಾಹಾರಿ ಎಂದು ಹೇಳಿಬಿಡಬೇಕು.

ಕುಣಿತ ಮತ್ತು ಚಪ್ಪಾಳೆ

ಸೆವಿಯಾನಾಸ್ ಎಂದರೆ ಕೊಪ್ಲಾ ಎಂಬ ನಾಲ್ಕು ಭಾಗಗಳ ಜೋಡಿ ಕುಣಿತ, ಮೂರು ಎಣಿಕೆಯ ಲಯ. ಒಂದೊಂದು ಕೊಪ್ಲಾದ ಹೆಜ್ಜೆ ಬೇರೆ, ಎಲ್ಲವೂ ಮುಗಿಯುವುದು ಹಾಡು ತಟ್ಟನೆ ನಿಂತಾಗ ಕೈ ಮೇಲೆತ್ತಿ ಗಕ್ಕನೆ ನಿಲ್ಲುವುದರಲ್ಲಿ. ಎರಡು ವಾರದಲ್ಲಿ ನಾಲ್ಕನ್ನೂ ಕಲಿಸುತ್ತೇವೆ ಅನ್ನುವ ಜಾಹೀರಾತನ್ನು ನಂಬಬೇಡಿ. ಹೊಸಬರಿಗೆ ಮೊದಲ ಕೊಪ್ಲಾ ಕೂರುವುದಕ್ಕೇ ಮೂರು ನಾಲ್ಕು ತರಗತಿ ಬೇಕು, ಮೂರನೆಯದರಲ್ಲಿ ಪಾದ ತಟ್ಟುವ ಸಪಾತೆಯಾದೊ ಬಂದಾಗ ಅರ್ಧ ಜನ ಬಿಟ್ಟುಹೋಗುತ್ತಾರೆ. ರಬ್ಬರ್ ಅಡಿಯ ಓಟದ ಶೂ ಹಾಕಿದರೆ ತಿರುಗುವಾಗ ಪಾದ ನೆಲಕ್ಕೆ ಕಚ್ಚಿ ಮಂಡಿ ತಿರುಚುತ್ತದೆ. ಗಟ್ಟಿ ಅಡಿಯ, ಪಟ್ಟಿ ಇರುವ, ನಾಲ್ಕೈದು ಸೆಂಟಿಮೀಟರ್ ಹಿಮ್ಮಡಿಯ ಚಪ್ಪಲಿ ಸಾಕು.

ಇಲ್ಲಿ ನಿಮ್ಮ ಬಾಯಿಗೆ ಕೆಲಸ ಕಡಿಮೆ, ಕಿವಿಗೆ ಹೆಚ್ಚು: ಎಡ, ಬಲ, ಭುಜ, ಮಣಿಕಟ್ಟು, ತಿರುಗು, ದಾಟು. ಎ1ನವರಿಗೆ ಇದು ಹೇಳಿ ಮಾಡಿಸಿದ್ದು, ಏಕೆಂದರೆ ಮಾತಾಡದಿದ್ದರೂ ಪಾಲ್ಗೊಳ್ಳಬಹುದು. ಸೆವಿಯಾದ ಏಪ್ರಿಲ್ ಜಾತ್ರೆ ಫೇರಿಯಾಕ್ಕೆ ಸೇರಿಸಿ ಹೋಗುವವರು ಒಂದು ತಿಳಿದಿರಲಿ: ಅಲ್ಲಿನ ಕಾಸೆತಾ ಡೇರೆಗಳಲ್ಲಿ ಬಹುಪಾಲು ಖಾಸಗಿ, ಪರಿಚಯದವರಿಲ್ಲದೆ ಒಳಗೆ ಬಿಡುವುದಿಲ್ಲ. ಸಾರ್ವಜನಿಕ ಡೇರೆಗಳು ಬೇರೆ ಇವೆ, ಅವುಗಳ ಪಟ್ಟಿ ಶಾಲೆಯಲ್ಲೇ ಕೇಳಿ.

ಕರ್ನಾಟಕ ಸಂಗೀತ ಕಲಿತವರಿದ್ದರೆ ಕುಣಿತಕ್ಕಿಂತ ಪಾಲ್ಮಾಸ್, ಅಂದರೆ ಚಪ್ಪಾಳೆಯ ತರಗತಿಯನ್ನೇ ನಾವು ಸೂಚಿಸುತ್ತೇವೆ. ಫ್ಲಮೆಂಕೊ ಸಂಗೀತದ ಸೊಲೆಯಾದಂಥ ಪ್ರಕಾರಗಳಲ್ಲಿ 12 ಎಣಿಕೆ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ತಾಳದ ಮೊದಲ ಎಣಿಕೆಗೆ ಪೆಟ್ಟು ಹಾಕಿ ರೂಢಿಯಾದ ಕೈ ಒಂದರ ಮೇಲೆ ಬಿದ್ದುಬಿಡುತ್ತದೆ, ಇಡೀ ಗುಂಪು ಹಳಿ ತಪ್ಪುತ್ತದೆ. ಅಂಗೈ ಗುಳಿ ಮಾಡಿ ಹೊಡೆಯುವ ಮಂದ ಚಪ್ಪಾಳೆಯಿಂದ ಶುರು ಮಾಡಿ, ಬೆರಳು ಅಂಗೈಗೆ ಬಡಿಯುವ ತೀಕ್ಷ್ಣ ಚಪ್ಪಾಳೆ ಆಮೇಲೆ. ತಬ್ಲಾವೊ ಎಂಬ ಫ್ಲಮೆಂಕೊ ಪ್ರದರ್ಶನದ ಜಾಗದಲ್ಲಿ ಕೂತು ನೋಡುವ ಪ್ರದರ್ಶನ ಕಲೆಯ ಲೆಕ್ಕಕ್ಕೆ ಬರೆದುಕೊಳ್ಳಿ, ಭಾಷೆಯ ಲೆಕ್ಕಕ್ಕೆ ಸೊನ್ನೆ.

ಉಳಿದವು

ಮ್ಯೂಸಿಯಂ ಭೇಟಿ ಸುಮ್ಮನೆ ನಡೆದರೆ ಕಾಲುನೋವು, ಪದ್ಧತಿಯಿಂದ ನಡೆದರೆ ಡೆಲೆ ಪರೀಕ್ಷೆಯ ಚಿತ್ರ ವರ್ಣನೆಗೆ ಒಳ್ಳೆಯ ತಾಲೀಮು. ಮಾದ್ರಿದ್‌ನ ಪ್ರಾದೊದಲ್ಲಿ 18ರಿಂದ 25 ವಯಸ್ಸಿನ ವಿದ್ಯಾರ್ಥಿಗಳಿಗೆ ಗುರುತಿನ ಚೀಟಿ ತೋರಿಸಿದರೆ ಪ್ರವೇಶ ಉಚಿತ. ಉಳಿದವರಿಗೆ ಮುಚ್ಚುವ ಮುಂಚಿನ ಎರಡು ಗಂಟೆ ಉಚಿತ, ಸಾಲು ಮಾತ್ರ ಉದ್ದ. ಮೂರೇ ಚಿತ್ರ ಆರಿಸಿ. ವೆಲಾಸ್ಕೆಸ್ 1656ರಲ್ಲಿ ಬರೆದ 'ಲಾಸ್ ಮೆನೀನಾಸ್' ಮುಂದೆ ಒಬ್ಬರು ನಿಂತು ವರ್ಣಿಸಲಿ, ಇನ್ನೊಬ್ಬರು ಬೆನ್ನು ಹಾಕಿ ಕಾಗದದಲ್ಲಿ ಪೆನ್ಸಿಲಿನಿಂದ ಆ ಗುಂಪನ್ನು ಜೋಡಿಸಲಿ: ಹಿಂದೆ ಬಾಗಿಲಲ್ಲಿ ಯಾರು, ಎಡಕ್ಕೆ ಯಾರು, ಕನ್ನಡಿಯಲ್ಲಿ ಯಾರು, ನಾಯಿ ಎಲ್ಲಿ. ಒಳಗೆ ಫೋಟೊ ತೆಗೆಯುವಂತಿಲ್ಲ, ಆ ನಿಯಮ ಇಲ್ಲಿ ನಿಮ್ಮ ಪರವೇ. ಪಿಕಾಸೊನ 'ಗೆರ್ನಿಕಾ' ಇರುವ ರೇನಾ ಸೋಫಿಯಾ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ. ಸ್ಪ್ಯಾನಿಶ್ ಮಾರ್ಗದರ್ಶಿಯ ಜೊತೆ ಸುತ್ತುವುದು ಬಿ2ಗಿಂತ ಕೆಳಗಿನವರಿಗೆ ಬೇಡ, ವೇಗಕ್ಕೆ ಮೊದಲ ಕೋಣೆಯಲ್ಲೇ ಕೈಚೆಲ್ಲುತ್ತೀರಿ.

ಸಿನಿಮಾ ಟಿಕೆಟ್ ಮೇಲೆ 'ವಿ.ಒ.ಎಸ್.ಇ.' ಎಂದಿದ್ದರೆ ಮೂಲ ಭಾಷೆಯ ಮಾತು, ಸ್ಪ್ಯಾನಿಶ್ ಅಡಿಬರಹ. ಹಾಲಿವುಡ್ ಚಿತ್ರಕ್ಕೆ ಅದನ್ನು ಕೊಂಡರೆ ಕೇಳುವುದು ಇಂಗ್ಲಿಷೇ. ಡಬ್ ಆದದ್ದನ್ನೇ ನೋಡಿ: ಸ್ಟುಡಿಯೊದ ಸ್ಪಷ್ಟ ಉಚ್ಚಾರ, ಕಲಿಯುವವರಿಗೆ ಸ್ಪೇನ್‌ನದೇ ಚಿತ್ರಗಳ ಗೊಣಗಾಟಕ್ಕಿಂತ ಸುಲಭ. ಅನೇಕ ಚಿತ್ರಮಂದಿರಗಳಲ್ಲಿ ಬುಧವಾರ ಟಿಕೆಟ್ ಅಗ್ಗ.

ಶನಿವಾರದ ಬಸ್ ಪ್ರವಾಸ ನಮ್ಮ ಪಟ್ಟಿಯಲ್ಲಿ ಕೊನೆಯದು. ಬಸ್ಸಿನಲ್ಲಿ ಕೂತವರೆಲ್ಲ ನಿಮ್ಮಂಥ ಕಲಿಯುವವರೇ, ದಿನವಿಡೀ ಇಂಗ್ಲಿಷ್. ತೊಲೇದೊ, ಸೆಗೋವಿಯಾಕ್ಕೆ ಮಾದ್ರಿದ್‌ನಿಂದ ರೈಲಿದೆ. ಇಬ್ಬರೇ ಹೋಗಿ, ಟಿಕೆಟ್‌ನಿಂದ ಊಟದವರೆಗೆ ನೀವೇ ಕೇಳಿ. ಗ್ರಾನಾದಾದ ಆಲ್ಹಾಂಬ್ರಾ ಕೋಟೆ ಒಂದಕ್ಕೆ ಮಾತ್ರ ಶಾಲೆಯ ಗುಂಪು ಅನುಕೂಲ. ನಾಸ್ರಿ ಅರಮನೆಗೆ ಗೊತ್ತುಪಡಿಸಿದ ಸಮಯಕ್ಕೇ ಒಳಬಿಡುತ್ತಾರೆ, ಟಿಕೆಟ್ ಹೆಸರಿನ ಮೇಲಿರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು. ಸೋಮವಾರ ಇಳಿದು ಶನಿವಾರಕ್ಕೆ ಕೇಳಿದರೆ ಸಿಗುವುದು ಕಷ್ಟ, ಪುಣೆಯಿಂದಲೇ ಪಾಸ್‌ಪೋರ್ಟ್ ಸಂಖ್ಯೆ ಕಳಿಸಿ ಹೆಸರು ಬರೆಸಿಡಿ.

ದುಡ್ಡು ಕಟ್ಟುವ ಮುಂಚೆ ಶಾಲೆಗೆ ಒಂದು ಮಿಂಚಂಚೆ ಬರೆಯಿರಿ, ಸ್ಪ್ಯಾನಿಶ್‌ನಲ್ಲೇ. ಅಡುಗೆ ತರಗತಿಯಲ್ಲಿ ಎಷ್ಟು ಜನಕ್ಕೆ ಎಷ್ಟು ಒಲೆ, ಕಲಿಸುವವರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಇಂತೆರ್ಕಾಂಬಿಯೊಗೆ ಬರುವವರಲ್ಲಿ ಊರಿನವರು ಎಷ್ಟು. ಎರಡನೇ ಪ್ರಶ್ನೆಗೆ 'ಎರಡೂ ಭಾಷೆಯಲ್ಲಿ' ಎಂಬ ಉತ್ತರ ಬಂದರೆ ಅದನ್ನು ಇಂಗ್ಲಿಷ್ ಎಂದೇ ಓದಿಕೊಳ್ಳಿ.