ದೋಸೆ ಚೆನ್ನಾಗಿದೆ, ಆರ್ಡರ್ ಕೊಡೋದೇ ಕಷ್ಟ

ಬೆಣ್ಣೆ ಸೆಟ್ ದೋಸೆಗೆ ಐದಕ್ಕೆ ನಾಲ್ಕು ಸ್ಟಾರ್. ಫಿಲ್ಟರ್ ಕಾಫಿಗೆ ನಾಲ್ಕೂವರೆ. ಆರ್ಡರ್ ತಗೊಳ್ಳುವ ಪದ್ಧತಿಗೆ ಒಂದು, ಅದೂ ಟೇಬಲ್ ಒರೆಸುತ್ತಿದ್ದ ಹುಡುಗನ ಮುಖ ನೋಡಿ ಕೊಟ್ಟಿದ್ದು.

ಹೋಟೆಲಿನ ಹೆಸರು ಬೇಡ. ಮೈಸೂರಿನಲ್ಲಿ ಈಚೆಗೆ ಶುರುವಾದದ್ದು. ಹೊರಗೆ ಕುಂಡದಲ್ಲಿ ಬಾಳೆಗಿಡ, ಒಳಗೆ ಗೋಡೆ ತುಂಬ ಹಳೇ ಅರಮನೆಯ ಫೋಟೋ. ಇಂಥವು ಈಗ ಬಡಾವಣೆಗೊಂದು ಇವೆ.

"ವಯಸ್ಸಾದವರಿಗೆ ಹೊಸದು ಒಗ್ಗಲ್ಲ ಬಿಡಿ" ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ರಿಟೈರ್ ಆದವಳು. ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದಾಗ ಕಲಿತವಳು. ಮನೆಯಲ್ಲಿ ಲ್ಯಾಪ್‌ಟಾಪ್ ಇದೆ, ಬ್ರಾಡ್‌ಬ್ಯಾಂಡ್ ಇದೆ. ಕರೆಂಟ್ ಬಿಲ್, ಕಂದಾಯ, ರೈಲು ಟಿಕೆಟ್ ಎಲ್ಲಾ ಅದರಲ್ಲೇ. ಇದನ್ನೂ ಅದರಲ್ಲೇ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡ್ತಾ ಇದ್ದೀನಿ. ಕೈಯಲ್ಲಿರೋದು ಮಾತ್ರ ಕೀಪ್ಯಾಡ್ ಫೋನ್. ಕಣ್ಣಿನ ಆಪರೇಷನ್ ಆದ ಮೇಲೆ ಸಣ್ಣ ಪರದೆ ನನಗೆ ಆಗಿಬರಲ್ಲ. ಅದೂ ಅಲ್ಲದೆ, ಬೇಡ ಅನಿಸಿದೆ. ಅಷ್ಟೇ.

ಅತ್ತಿಗೆ ಊರಿಂದ ಬಂದಿದ್ದರು. ಅವರ ಕೈಯಲ್ಲೂ ನನ್ನಂಥದ್ದೇ ಫೋನು. ಕೂತೆವು. ಯಾರೂ ಬರಲಿಲ್ಲ. ಗೋಡೆ ಮೇಲೆ ದರಪಟ್ಟಿ ಇಲ್ಲ, ಟೇಬಲ್ ಮೇಲೆ ಮೆನು ಕಾರ್ಡ್ ಇಲ್ಲ. ಮೂಲೆಯಲ್ಲಿ ಒಂದು ಕ್ಯೂಆರ್ ಸ್ಟಿಕ್ಕರ್ ಮಾತ್ರ. ಒಂದು ಅಂಚು ಕಿತ್ತುಬಂದಿತ್ತು, ಮೇಲೆ ಸಾಂಬಾರಿನ ಅರಿಶಿನ ಕಲೆ. "ಇದೇನು, ಇದನ್ನ ಒತ್ತಬೇಕಾ?" ಅಂತ ಅತ್ತಿಗೆ ಬೆರಳಿಟ್ಟು ಒತ್ತಿಯೂ ನೋಡಿದರು. ಆಮೇಲೆ ನಾನೇ ಹುಡುಗನನ್ನು ಕರೆದೆ.

"ಏನಪ್ಪಾ, ತಿಂಡಿ ಏನಿದೆ?"

"ಆಂಟಿ, ಸ್ಕ್ಯಾನ್ ಮಾಡಿದ್ರೆ ಎಲ್ಲಾ ಬರುತ್ತೆ."

ಫೋನ್ ಎತ್ತಿ ತೋರಿಸಿದೆ. ಹುಡುಗ ಒಮ್ಮೆ ಕ್ಯಾಶ್ ಕೌಂಟರಿನ ಕಡೆ ನೋಡಿದ. ಕ್ಯಾಶ್ ಕೌಂಟರ್ ಅಂದೆ, ಆದರೆ ಅಲ್ಲಿ ಕ್ಯಾಶ್ ತಗೊಳ್ಳಲ್ಲ. ಮ್ಯಾನೇಜರ್ ಒಂದು ಟ್ಯಾಬ್ ಹಿಡಿದು ನಿಂತಿರುತ್ತಾರೆ, ಅಷ್ಟೇ. ಅವರು ಬೇರೆ ಕಡೆ ತಿರುಗಿದ್ದರು. ಹುಡುಗ ಸುಮ್ನೆ ಜೇಬಿನಿಂದ ತನ್ನ ಫೋನ್ ತೆಗೆದ. ಗಾಜು ಒಡೆದು, ಟೇಪ್ ಹಾಕಿದ ಫೋನು. ತನ್ನದೇ ಡಾಟಾದಲ್ಲಿ ಆಪ್ ತೆರೆದು ಮೆನು ಓದಿ ಹೇಳಿದ. ಅದರಲ್ಲಿ ಹಳೇ ಆರ್ಡರುಗಳ ಪಟ್ಟಿ ಉದ್ದಕ್ಕೆ ಇತ್ತು: ಇಡ್ಲಿ ವಡೆ, ಇಡ್ಲಿ ವಡೆ, ಪೊಂಗಲ್, ಕಾಫಿ ಎರಡು. "ಇದೆಲ್ಲಾ ನೀನೇ ತಿಂದಿದ್ದಾ?" ಅಂದೆ. ನಕ್ಕ. "ನಿಮ್ಮಂಥವರದ್ದೇ ಆಂಟಿ. ಬೆಳಗ್ಗೆ ವಾಕಿಂಗ್ ಮುಗಿಸಿ ತುಂಬಾ ಜನ ಬರ್ತಾರೆ." ಮೊದಲ ಆರ್ಡರಿಗೆ ನೂರಕ್ಕೆ ಹತ್ತು ರಿಯಾಯಿತಿ ಅಂತ ಬಾಗಿಲಲ್ಲೇ ದೊಡ್ಡ ಬೋರ್ಡಿದೆ. ನಮಗೆ ಸಿಗಲಿಲ್ಲ. ಅವನ ನಂಬರಿನ ಮೊದಲ ಆರ್ಡರ್ ಯಾವತ್ತೋ ಮುಗಿದಿತ್ತಲ್ಲ. ಒಂದೇ ದೋಸೆ, ಪಕ್ಕದ ಟೇಬಲಿನವರಿಗೆ ಒಂದು ರೇಟು, ನಮಗೆ ಇನ್ನೊಂದು.

ದೋಸೆಯ ಬಗ್ಗೆ ತಕರಾರಿಲ್ಲ. ಮೆತ್ತಗೆ, ಬಿಸಿಯಾಗಿ, ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು. ಸಾಗು ಹದವಾಗಿತ್ತು, ಆಲೂಗೆಡ್ಡೆ ಪೂರ್ತಿ ಹಿಸುಕಿರಲಿಲ್ಲ. ಚಟ್ನಿಗೆ ಉಪ್ಪು ಜಾಸ್ತಿ. ಕಾಫಿ ಹಿತ್ತಾಳೆ ಲೋಟದಲ್ಲಿ, ನೊರೆ ಸಮೇತ.

ದುಡ್ಡು ಕೊಡೋ ಹೊತ್ತಿಗೆ ಮತ್ತೆ ಶುರು. ನೋಟು ಬೇಡವಂತೆ. ಕಾರ್ಡ್ ಮೆಷಿನ್ ಕೆಟ್ಟಿದೆಯಂತೆ. ನಾನು ಮ್ಯಾನೇಜರಿಗೆ ಹೇಳಿದೆ, ನಿಮ್ಮ ಯುಪಿಐ ನಂಬರ್ ಕೊಡಿ, ಕೀಪ್ಯಾಡ್ ಫೋನಿನಿಂದಲೇ ಕಳಿಸ್ತೀನಿ ಅಂತ. ಅವರು ನನ್ನನ್ನೇ ನೋಡಿದರು. ನೆಟ್ ಇಲ್ಲದೆ ಯುಪಿಐ ಆಗುತ್ತೆ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ಸ್ಟಾರ್ 99 ಹ್ಯಾಶ್ ಒತ್ತಿ ಹಣ ಕಳಿಸುವ ಸೌಲಭ್ಯ 2014ರಿಂದ ದೇಶಾದ್ಯಂತ ಇದೆ, ಒಂದು ಸಲಕ್ಕೆ 5,000 ರೂಪಾಯಿವರೆಗೆ. 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಕೀಪ್ಯಾಡ್ ಫೋನಿನವರಿಗಂತಲೇ ಯುಪಿಐ 123ಪೇ ತಂದಿತು. ಅದರಲ್ಲಿ ಒಂದು ನಂಬರಿಗೆ ಫೋನ್ ಮಾಡಿ, ಅದು ಹೇಳಿದ ಹಾಗೆ ಗುಂಡಿ ಒತ್ತಿದರೂ ದುಡ್ಡು ಹೋಗುತ್ತೆ. ಸಣ್ಣ ಅಂಗಡಿಯವರಿಗೆ ನಾನು ಹಾಗೇ ಕೊಡುತ್ತೇನೆ. ಆದರೆ ನನ್ನ ಫೋನಿಗೆ ಕ್ಯೂಆರ್ ಓದಲು ಬರಲ್ಲ. ಮೊಬೈಲ್ ನಂಬರೋ ಯುಪಿಐ ಐಡಿಯೋ ಬೇಕು. ಐಡಿ ಉದ್ದ ಇದ್ದರೆ ಒಂದೊಂದು ಅಕ್ಷರಕ್ಕೂ ಗುಂಡಿಯನ್ನು ಮೂರು ಸಲ ಒತ್ತಿ, ನಡುವೆ ಆ 'ಅಟ್' ಗುರುತು ಹುಡುಕಿ ಮುಗಿಸೋದ್ರಲ್ಲಿ ಪರದೆಯೇ ಮುಚ್ಚಿಹೋಗಿರುತ್ತೆ. ಈ ಹೋಟೆಲಿನಲ್ಲಿ ಅದೂ ಇಲ್ಲ. ಬಿಲ್ಲಿಗೊಂದು ಹೊಸ ಕ್ಯೂಆರ್ ಟ್ಯಾಬಿನಲ್ಲಿ ಮೂಡುತ್ತೆ, ಕೆಳಗೆ ಐಡಿ ಇರಲ್ಲ. ಕೊನೆಗೆ ಹುಡುಗನೇ ಕಟ್ಟಿದ, ನಾನು ಅವನ ಕೈಗೆ ನೋಟು ಕೊಟ್ಟೆ. ತಿಂಗಳ ಕೊನೆಯಲ್ಲಿ ಅವನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಇವರೇನು ಮಾಡ್ತಾರೋ.

ಬಿಲ್ ಕೇಳಿದೆ. ಕಾಗದದ ಬಿಲ್ ಇಲ್ಲ, ಮೊಬೈಲ್ ನಂಬರ್ ಹೇಳಿ ಅಂದರು. ಬಿಲ್ ಮಾಡೋಕೆ ಗಿರಾಕಿಯ ನಂಬರ್ ಬೇಕೇಬೇಕು ಅಂತ ಹಟ ಹಿಡಿಯಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಯವರಿಗೆ ಹೇಳಿದೆ. ವಾದ ಮಾಡುವ ಉತ್ಸಾಹ ಇರಲಿಲ್ಲ, ಕೊಟ್ಟೆ. ಟಣ್ ಅಂತ ಮೆಸೇಜ್ ಬಂತು. ಒಳಗೆ ಇಂಗ್ಲಿಷಿನಲ್ಲಿ ಧನ್ಯವಾದ, ಕೆಳಗೆ ಒಂದು ಲಿಂಕ್. ನನ್ನ ಫೋನಿಗೆ ಅದು ಬರೀ ಅಕ್ಷರ. ಮನೆಗೆ ಬಂದು ಭೂತಗನ್ನಡಿ ಹಿಡಿದು, ಸೊನ್ನೆ ಯಾವುದು ಓ ಯಾವುದು ಅಂತ ನೋಡಿ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ. ಪುಟ ತೆರೆಯಿತು. ಬಿಲ್ ನೋಡಲು ಆಪ್ ಇಳಿಸಿಕೊಳ್ಳಿ ಅಂತ ಅದರಲ್ಲಿ ಇನ್ನೊಂದು ಕ್ಯೂಆರ್!

ದೋಸೆ ತಾನೇ, ಬೇರೆ ಕಡೆ ತಿನ್ನಿ ಅನ್ನಬಹುದು. ತಿಂತೀನಿ. ಆದರೆ ಇದೇ ಆಟ ಕೊರೋನಾ ಲಸಿಕೆಯಲ್ಲೂ ಆಗಿತ್ತು. 2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರು ಆನ್‌ಲೈನಿನಲ್ಲಿ ಸ್ಲಾಟ್ ಹಿಡಿದೇ ಹೋಗಬೇಕಿತ್ತು. ನಮ್ಮ ಮನೆ ಕೆಲಸದವಳಿಗೂ ಅವಳ ತಂಗಿಗೂ ನನ್ನ ಲ್ಯಾಪ್‌ಟಾಪಿನಲ್ಲೇ ಹಿಡಿದುಕೊಟ್ಟೆ. ಒಟಿಪಿ ಅವಳ ಫೋನಿಗೆ ಹೋಗೋದು, ಅವಳು ಓದಿ ಹೇಳೋಷ್ಟರಲ್ಲಿ ಸ್ಲಾಟ್ ಖಾಲಿ. ಸುಪ್ರೀಂ ಕೋರ್ಟ್ ಕೂಡ ಆಗ ಈ ಬಗ್ಗೆ ಸರ್ಕಾರವನ್ನು ಪ್ರಶ್ನಿಸಿತ್ತು. ಜೂನ್ ಹೊತ್ತಿಗೆ ನೇರವಾಗಿ ಹೋದರೂ ಚುಚ್ಚುವ ಹಾಗಾಯಿತು.

ಹೀಗೇ ಆಗಬೇಕು ಅಂತೇನಿಲ್ಲ. ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಮೆಟ್ರೋ ಹತ್ತುತ್ತೇನೆ. 2022ರ ನವೆಂಬರಿನಲ್ಲಿ ವಾಟ್ಸಾಪ್ ಟಿಕೆಟ್ ಬಂದು, ಅದಕ್ಕೆ ಶೇಕಡಾ 5 ರಿಯಾಯಿತಿ ಅಂದಾಗ, ಸರಿ, ನಮ್ಮ ಕಥೆ ಮುಗೀತು ಅಂದುಕೊಂಡೆ. ಆದರೆ ಸ್ಮಾರ್ಟ್ ಕಾರ್ಡಿಗೂ ಅಷ್ಟೇ ರಿಯಾಯಿತಿ ಇತ್ತು. ಕಾರ್ಡನ್ನು ಕೌಂಟರಿನಲ್ಲೇ ಕೊಂಡು, ಅಲ್ಲೇ ನೋಟು ಕೊಟ್ಟು ರೀಚಾರ್ಜ್ ಮಾಡಿಸಬಹುದು. ಕೈಯಲ್ಲಿ ಯಾವ ಫೋನಿದೆ ಅಂತ ಗೇಟು ಕೇಳಲ್ಲ. ಆಗ ಟೋಕನ್ ತಗೊಳ್ಳುವವರಿಗೆ ಮಾತ್ರ ಪೂರ್ತಿ ದರ ಇತ್ತು. ಯಾವಾಗಲೋ ಒಮ್ಮೆ ಊರಿಂದ ಬರುವವರು ತಗೊಳ್ಳೋದು ಅದನ್ನೇ ಅಲ್ವಾ? ಆ ಒಂದು ಕೊಂಕು ಬಿಟ್ಟರೆ ಕಾರ್ಡಿಗೆ ನನ್ನ ಕಡೆಯಿಂದ ಐದಕ್ಕೆ ಐದು.

ಹೋಟೆಲಿಗೆ ಹೋಗುವವರು ಎಂಟೂವರೆ ಒಳಗೆ ಹೋಗಿ, ಆಮೇಲೆ ಜಾಗ ಸಿಗಲ್ಲ. ಕೀಪ್ಯಾಡ್ ಫೋನಿನವರು ಚಿಲ್ಲರೆ ಇಟ್ಟುಕೊಂಡು ಹೋಗಿ, ಹುಡುಗನ ಹತ್ತಿರ ಇರಲ್ಲ. ಮಾಲೀಕರೇನಾದರೂ ಓದಿದರೆ, ಒಂದು ಮೆನು ಹಾಳೆ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿ. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಾಫಿಯ ದುಡ್ಡೂ ಆಗಲ್ಲ. ಚಟ್ನಿಗೆ ಉಪ್ಪು ಸ್ವಲ್ಪ ಕಮ್ಮಿ ಮಾಡಿ.