ಟ್ರ್ಯಾಕ್ ದಿನಕ್ಕೆ ಕಾರು ರೆಡಿ ಮಾಡೋದು: ಹೊಸ ಟೈರೋ, ಹೊಸ ಬ್ರೇಕ್ ಆಯಿಲೋ?

ಟ್ರ್ಯಾಕ್ ದಿನ ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ರೇಕ್ ಆಯಿಲ್‌ಗೆ. ಒಂದು ಸಲ 26 ಸಾವಿರ ಕೊಟ್ಟು ನಾಲ್ಕೂ ಟೈರ್ ಬದಲಿಸಿಕೊಂಡು ಹೋದೆ. ಇನ್ನೊಂದು ಸಲ 4 ಸಾವಿರದೊಳಗೆ ಬ್ರೇಕ್ ಕೆಲಸ ಮಾಡಿಸಿ, ಹಳೇ ಟೈರನ್ನೇ ವಾಪಸ್ ಹಾಕಿಕೊಂಡು ಹೋದೆ. ಕಾರು ಅದೇ ಸ್ವಿಫ್ಟ್. ಟ್ರ್ಯಾಕ್ ಅದೇ, ಕೊಯಮತ್ತೂರಿನ ಕರಿ ಸ್ಪೀಡ್‌ವೇ. ಖುಷಿಯಾಗಿ ಶಿವಮೊಗ್ಗಕ್ಕೆ ಬಂದಿದ್ದು ಎರಡನೇ ಸಲ.

ಟೈರ್ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ಹೋಗುತ್ತಿತ್ತು. ಹಿಡಿತ ಇದೆ ಅಂತ ನಾನೂ ಧೈರ್ಯವಾಗಿ ವೇಗ ಏರಿಸಿದೆ. ಆ ವೇಗ ಇಳಿಸಬೇಕಾದ್ದು ಮಾತ್ರ ಅದೇ ಹಳೇ ಬ್ರೇಕು.

ಐದನೇ ಸುತ್ತು. ನೇರ ದಾರಿಯ ಕೊನೆಯಲ್ಲಿ 120ರ ಆಸುಪಾಸಿನಲ್ಲಿದ್ದೆ. ಬ್ರೇಕ್ ಒತ್ತಿದರೆ ಪೆಡಲ್ ಸುಮ್ನೆ ಒಳಗೆ ಹೋಯಿತು, ನೆನೆದ ಸ್ಪಂಜು ತುಳಿದ ಹಾಗೆ. ಮತ್ತೆ ಮತ್ತೆ ಪಂಪ್ ಮಾಡಿದೆ, ಗೇರ್ ಇಳಿಸಿದೆ. ಕಾರು ಟ್ರ್ಯಾಕ್ ಬಿಟ್ಟು ಮಣ್ಣಿಗಿಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಗಟ್ಟಿಯಾಗಿದೆ! ಇದೇ ಮೋಸ. ತಣ್ಣಗಾದ ಮೇಲೆ ಎಲ್ಲ ಸರಿ ಇದೆ ಅನ್ನಿಸುತ್ತದೆ.

ಪಕ್ಕದಲ್ಲಿ ಕಾರು ನಿಲ್ಲಿಸಿದ್ದ ಮೈಸೂರಿನ ಹಿರಿಯರೊಬ್ಬರು ಬಾನೆಟ್ ತೆಗೆಸಿ ನೋಡಿದರು. "ಆಯಿಲ್ ಬದಲಿಸಿ ಎಷ್ಟು ವರ್ಷ ಆಯ್ತು?" ಅಂದರು. "ಬದಲಿಸಿಲ್ಲ ಸಾರ್, ಹೊರಡೋ ಮುಂಚೆ ಸ್ವಲ್ಪ ಹಾಕಿಸಿದೀನಿ" ಅಂದೆ. ಹಾಕಿದ್ದೂ ಮಳೆಗಾಲದಿಂದ ಗ್ಯಾರೇಜಿನ ಕಪಾಟಿನಲ್ಲಿ ಬಾಯಿ ತೆರೆದು ಕೂತಿದ್ದ ಅರ್ಧ ಬಾಟಲಿಯಿಂದ. ನನ್ನ ಕಣ್ಣೆದುರೇ ಹಾಕಿದ್ದರು, ನಾನೂ ಕೇಳಲಿಲ್ಲ.

ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಷಾಢದಲ್ಲಿ ನಮ್ಮ ಮನೆಯ ಉಪ್ಪಿನ ಭರಣಿ ನೀರೊಡೆಯುತ್ತದಲ್ಲ, ಹಾಗೆಯೇ. ರಬ್ಬರ್ ಪೈಪಿನ ಮೂಲಕವೂ ನಿಧಾನಕ್ಕೆ ತೇವ ಸೇರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಶೇಕಡಾ 3.7ರಷ್ಟು ನೀರು ಸೇರಿತೋ, ಆ ಮಿತಿ 155ಕ್ಕೆ ಇಳಿಯುತ್ತದೆ. ಬ್ರೇಕಿನ ಬಿಸಿಗೆ ಅದು ಕುದಿದರೆ ಒಳಗೆ ಆವಿಯ ಗುಳ್ಳೆ. ನಮ್ಮ ಕಾಲಿನ ಒತ್ತಡವೆಲ್ಲ ಆ ಗುಳ್ಳೆ ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ಚಕ್ರದವರೆಗೆ ತಲುಪುವುದೇ ಇಲ್ಲ.

ವಾರ ವಾರ ತೀರ್ಥಹಳ್ಳಿಗೆ ಓಡಾಡುವವನು ನಾನು, ಅದರಾಚೆಯ ಆಗುಂಬೆ ಘಾಟಿಯನ್ನೂ ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಆದರೆ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಇಂಜಿನ್ನೇ ಕಾರನ್ನು ಹಿಡಿಯುತ್ತದೆ. ಕರಿ ಟ್ರ್ಯಾಕ್ ಸುಮಾರು 2.1 ಕಿ.ಮೀ. ಅಷ್ಟೇ. ಒಂದು ತಿರುವಿಗೆ ಬ್ರೇಕ್ ಹಾಕಿ ಬಿಸಿಯಾಗಿದ್ದು ಆರುವುದರೊಳಗೆ ಇನ್ನೊಂದು ತಿರುವು ಬಂದಿರುತ್ತದೆ. ಘಾಟಿಯ ಅನುಭವ ಇಲ್ಲಿ ಲೆಕ್ಕಕ್ಕಿಲ್ಲ.

ಎರಡನೇ ಸಲ ಸೀಲ್ ಒಡೆಯದ ಅರ್ಧ ಲೀಟರಿನ ಎರಡು ಬಾಟಲಿ ಡಾಟ್ 4 ನಾನೇ ತಂದೆ. ಬೇರೆ ಮೆಕ್ಯಾನಿಕ್ ಹತ್ತಿರ ಹೋಗಿ ಪಕ್ಕದಲ್ಲೇ ಕೂತೆ. ಚಕ್ರದ ಹತ್ತಿರ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅವರು ಸಡಿಲಿಸಿದಾಗ ಒಳಗೆ ಕೂತವನು ಪೆಡಲ್ ಒತ್ತುವುದು. ಮೊದಲು ಬಂದಿದ್ದು ಜೋನಿ ಬೆಲ್ಲದ ಬಣ್ಣದ ಆಯಿಲ್, ನಡುವೆ ಸಣ್ಣ ಗುಳ್ಳೆಗಳು. ಹೊಸ ಆಯಿಲ್ ತೆಳು ಜೇನಿನ ಹಾಗಿತ್ತು. ಅದು ಪೈಪಿನಲ್ಲಿ ಬರುವವರೆಗೂ ನಾಲ್ಕೂ ಚಕ್ರಕ್ಕೆ ಮಾಡಿದರು. ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಕೂಡಲೇ ನೀರು ಹಾಕಿ ತೊಳೆಯಿರಿ, ಪೇಂಟ್ ತಿನ್ನುತ್ತದೆ. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್ ಕೂಡ ಬದಲಿಸಿದೆ, ಕಂಪನಿಯದ್ದೇ. ಕೊಯಮತ್ತೂರಿನ ದಾರಿಯಲ್ಲೇ ಅವು ಪಳಗಿದವು.

ಇಡೀ ದಿನ ಪೆಡಲ್ ಒಂದೇ ಹದದಲ್ಲಿತ್ತು. ತಿರುವಿನಲ್ಲಿ ಟೈರ್ ಕಿರುಚುತ್ತಿತ್ತು, ನಿಜ. ಆದರೆ ಎಲ್ಲಿ ಬ್ರೇಕ್ ಒತ್ತಬೇಕು ಅನ್ನುವುದನ್ನು ಹೆದರದೆ ಕಲಿತೆ. ನಾನು ಹೋಗಿದ್ದೇ ಅದಕ್ಕೆ ಅಲ್ವಾ?

ಡಾಟ್ 5.1 ಇನ್ನೂ ಜಾಸ್ತಿ ಬಿಸಿ ತಡೆಯುತ್ತದೆ, ಹೊಸದಿದ್ದಾಗ 260 ಡಿಗ್ರಿ. ನನ್ನ ಮಟ್ಟದ ಓಟಕ್ಕೆ ಬೇಕಾಗಲಿಲ್ಲ. ಡಾಟ್ 5 ಬೇರೆಯೇ, ಸಿಲಿಕೋನ್. ಅದನ್ನು ಡಾಟ್ 4ಕ್ಕೆ ಬೆರೆಸಲೇಬೇಡಿ.

ಉಳಿದದ್ದಕ್ಕೆ ಖರ್ಚೇ ಇಲ್ಲ. ಮ್ಯಾಟ್, ನೀರಿನ ಬಾಟಲಿ, ಸ್ಟೆಪ್ನಿ, ಜಾಕ್ ಎಲ್ಲ ಇಳಿಸಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ತೆಳು ಅಡಿಯ ಶೂ, ಹತ್ತಿ ಬಟ್ಟೆ. ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನಕ್ಕೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟೈರ್ ಗಾಳಿ ಆಗಲೇ ನೋಡಿ, ಬಿಸಿಗೆ ಏರಿರುತ್ತದೆ.

ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರು ಟೈರಿಗೂ ದುಡ್ಡು ಹಾಕಲಿ. ವರ್ಷಕ್ಕೆ ಒಂದೆರಡು ಸಲ ಹೋಗಿ, ಅದೇ ಕಾರಿನಲ್ಲಿ ಸೋಮವಾರ ಕೆಲಸಕ್ಕೆ ಹೋಗುವ ನನಗೆ ಅದು ಭಾರ. ಆ 26 ಸಾವಿರದ ಟೈರಿನ ಅಂಚು ಒಂದೇ ದಿನಕ್ಕೆ ಸವೆದಿತ್ತು. ಈ ಸಲ ದೀಪಾವಳಿ ಕಳೆದ ಮೇಲೆ ಹೊರಡುವ ಯೋಚನೆ. ಆಯಿಲ್ ಈಗಲೇ ಬದಲಿಸುವುದಿಲ್ಲ, ಮಳೆ ಪೂರ್ತಿ ನಿಲ್ಲಲಿ. ಬಾಟಲಿಯ ಸೀಲನ್ನೂ ಅಲ್ಲಿಯವರೆಗೆ ಒಡೆಯುವುದಿಲ್ಲ.