ಪುನರ್ಪುಳಿ ಸಾರದ ಕೋಶವಿಷತ್ವ ಪರೀಕ್ಷೆ: ಎಂಟಿಟಿಯೋ, ಎಸ್‌ಆರ್‌ಬಿಯೋ?

ಸಾರ ಕೋಶಗಳನ್ನು ಕೊಲ್ಲುತ್ತದೆಯೇ ಎಂದು ನೋಡಲು ಎಂಟಿಟಿ, ಎಸ್‌ಆರ್‌ಬಿ ಎಂಬ ಎರಡು ಬಣ್ಣಗಳ ಪರೀಕ್ಷೆಗಳಿವೆ. ಎಂಟಿಟಿಯಲ್ಲಿ ಬದುಕಿರುವ ಕೋಶ ಹಳದಿ ಬಣ್ಣವನ್ನು ನೇರಳೆ ಹರಳಾಗಿಸುತ್ತದೆ; ನೇರಳೆ ಹೆಚ್ಚಿದಷ್ಟೂ ಬದುಕಿರುವ ಕೋಶ ಹೆಚ್ಚು. ಮಿ.ಲೀ.ಗೆ 0.5 ಮಿ.ಗ್ರಾಂ ಹಾಕಿ, 37 ಡಿಗ್ರಿಯಲ್ಲಿ 3–4 ಗಂಟೆ ಇಟ್ಟು, ಹರಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, 570 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆದರಾಯಿತು. ಆದರೆ ಸಿಪ್ಪೆಯ ಪಾಲಿಫಿನಾಲ್‌ಗಳು ಕೋಶವಿಲ್ಲದೆಯೂ ಆ ನೇರಳೆ ತರಬಲ್ಲವು. ಆಗ ಕೋಶ ಸತ್ತಿದ್ದರೂ ಸಾರ ನಿರಪಾಯವೆಂದು ಕಾಣುತ್ತದೆ. ಇದು ಸಣ್ಣ ತಪ್ಪಲ್ಲ. ಕೋಶವಿಲ್ಲದ ವೆಲ್‌ಗಳಲ್ಲಿ (ಪರೀಕ್ಷಾ ತಟ್ಟೆಯ ಗುಳಿಗಳಲ್ಲಿ) ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ನೋಡಲೇಬೇಕು. ಬಣ್ಣ ಸೇರಿಸುವ ಮುನ್ನ ಸಾರವಿದ್ದ ಮಾಧ್ಯಮವನ್ನು (ಕೋಶ ಬೆಳೆಸುವ ಪೋಷಕ ದ್ರವವನ್ನು) ತೆಗೆದು ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆದರೆ ತೊಂದರೆ ತಗ್ಗುತ್ತದೆ.

ಎಸ್‌ಆರ್‌ಬಿ ಕೋಶದ ಪ್ರೋಟೀನಿಗೆ ಅಂಟುವ ಬಣ್ಣ. ತಣ್ಣನೆಯ ಟಿಸಿಎ ಆಮ್ಲದಿಂದ ಕೋಶಗಳನ್ನು ತಳಕ್ಕೆ ಕಚ್ಚಿಸಿ, ಬಣ್ಣ ಹಾಕಿ, ಶೇ. 1 ಅಸಿಟಿಕ್ ಆಮ್ಲದಲ್ಲಿ ತೊಳೆಯುತ್ತಾರೆ; ಉಳಿದ ಬಣ್ಣವೇ ಕೋಶಗಳ ಅಳತೆ. ಪಾಲಿಫಿನಾಲ್ ಕಾಟ ಬಹಳ ಕಡಿಮೆ. ತಳಕ್ಕಂಟಿ ಬೆಳೆಯುವ ಕೋಶಗಳಿಗೆ ನಮ್ಮ ಆಯ್ಕೆ ಇದೇ. ತೇಲುವ ರಕ್ತಕೋಶಗಳಾದರೆ ತೊಳೆಯುವಾಗ ಹೋಗಿಬಿಡುತ್ತವೆ. ಅಲ್ಲಿ ಎಂಟಿಟಿಯೇ ವಾಸಿ.

ಯಾವುದನ್ನೇ ಆರಿಸಿದರೂ ಪುನರ್ಪುಳಿಯ ಹುಳಿ ಮರೆಯಬೇಡಿ. ಆಮ್ಲ ಹೆಚ್ಚಿ ಮಾಧ್ಯಮದ ಕೆಂಪು ಸೂಚಕ ಹಳದಿಗೆ ತಿರುಗಿದರೆ ಕೊಲ್ಲುತ್ತಿರುವುದು ಆಮ್ಲವೇ ಇರಬಹುದು, ಪಿಎಚ್ 7.4ಕ್ಕೆ ತನ್ನಿ. ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ ಮಾಧ್ಯಮದಲ್ಲಿ ಕೊನೆಗೆ ಶೇ. 0.5 ಮೀರದಿರಲಿ, ಹೋಲಿಕೆಗೆ ಸಾರವಿಲ್ಲದೆ ಅಷ್ಟೇ ಡಿಎಂಎಸ್‌ಒ ಇರುವ ಕಂಟ್ರೋಲ್ ಇಡಿ. ಕರಾವಳಿಯ ಆಟಿ ಮಳೆಗೆ ಒಣಸಾರ ನೀರೆಳೆದು ತೂಕ ತಪ್ಪಿಸುತ್ತದೆ: ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್ ಎಂಬ ಮುಚ್ಚಿದ ಪಾತ್ರೆಯಿಂದ ತೆಗೆದ ಕೂಡಲೇ ತೂಗಿ.